ಲೀಲಾವತಿ ಬೈಪಾಡಿತ್ತಾಯರ ಭಾಗವತಿಕೆ: ಹಳೆಯ ಮಟ್ಟು, ಏರಿದ ಶ್ರುತಿ



2024ರ ಡಿಸೆಂಬರ್ 14ರಂದು ಲೀಲಾವತಿ ಬೈಪಾಡಿತ್ತಾಯರು ತೀರಿಕೊಂಡರು. ಅವರಿಗೆ 77 ವರ್ಷ. ತೆಂಕುತಿಟ್ಟು ಯಕ್ಷಗಾನದ ಮೊದಲ ವೃತ್ತಿಪರ ಮಹಿಳಾ ಭಾಗವತರು ಎಂದು ಪತ್ರಿಕೆಗಳೆಲ್ಲ ಬರೆದವು. ಹಿಂದಿನ ವರ್ಷ, 2023ರಲ್ಲಿ, ರಾಜ್ಯೋತ್ಸವ ಪ್ರಶಸ್ತಿ ಬಂದಾಗಲೂ ಇದೇ ಮಾತು ಬಂದಿತ್ತು. ಮಾತು ನಿಜ, ಅವರಿಗೆ ಸಲ್ಲಬೇಕಾದ ಗೌರವವೂ ಹೌದು. ಆದರೆ ಆ ದಿನಗಳಲ್ಲಿ ಬಂದ ಶ್ರದ್ಧಾಂಜಲಿಗಳನ್ನು ಓದುತ್ತ ಹೋದಂತೆ ನನಗೆ ಒಂದು ಕೊರತೆ ಕಾಣತೊಡಗಿತು. ಮೊದಲ ಮಹಿಳೆ ಎಂದು ಹೇಳಿದವರು ಬಹಳ ಮಂದಿ. ಅವರು ಏನು ಹಾಡಿದರು, ಹೇಗೆ ಹಾಡಿದರು, ಆ ಹಾಡುಗಾರಿಕೆಗೆ ಸಂಗೀತದ ಲೆಕ್ಕದಲ್ಲಿ ಯಾವ ಬೆಲೆ ಎಂದು ಕೇಳಿದವರು ಕಡಮೆ. ಈ ಹೊತ್ತು ನಾನು ಕೇಳಬೇಕೆಂದಿರುವುದು ಆ ಪ್ರಶ್ನೆಯನ್ನು.

ಇದನ್ನು ಪುತ್ತೂರಿನಲ್ಲಿ ಕೇಳುವುದಕ್ಕೆ ಕಾರಣವಿದೆ. ಲೀಲಾವತಿಯವರು ಹುಟ್ಟಿದ್ದು 1947ರಲ್ಲಿ, ಕಾಸರಗೋಡಿನ ಮಧೂರಿನಲ್ಲಿ. ಆದರೆ ಅವರೊಳಗಿನ ಭಾಗವತರು ಹುಟ್ಟಿದ್ದು ಕಡಬದ ನಂಟಿನಿಂದ. ಅವರ ಪತಿ ಹರಿನಾರಾಯಣ ಬೈಪಾಡಿತ್ತಾಯರು ಕಡಬದವರು. ಕಡಬ ಆಗ ತಾಲೂಕಾಗಿರಲಿಲ್ಲ, ಪುತ್ತೂರಿನೊಳಗೇ ಇತ್ತು. ಚೆಂಡೆ ಮದ್ದಳೆ ಎರಡರಲ್ಲೂ ನುರಿತ ಆ ಕಲಾವಿದರೇ ಹೆಂಡತಿಗೆ ಯಕ್ಷಗಾನದ ಗುರು. ಮದುವೆಗೆ ಮೊದಲು ಲೀಲಾವತಿಯವರು ಕಲಿತದ್ದು ಶಾಸ್ತ್ರೀಯ ಸಂಗೀತ, ಮಧೂರು ಪದ್ಮನಾಭ ಸರಳಾಯರ ಬಳಿ. ಸ್ವರಸ್ಥಾನ ಗಟ್ಟಿಯಿದ್ದ, ತಾಳದ ಅಳುಕಿಲ್ಲದ ಒಂದು ಕಂಠ ಕಡಬದ ಮದ್ದಳೆಗಾರರ ಮನೆಗೆ ಬಂತು. ಆ ಮನೆಯಲ್ಲಿ ಅದು ಬೇರೊಂದು ಸಂಗೀತವನ್ನು ಮೊದಲಿನಿಂದ ಕಲಿಯಿತು.

ಬೇರೊಂದು ಸಂಗೀತ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಕರ್ನಾಟಕ ಸಂಗೀತ ಬಲ್ಲವರಿಗೆ ಯಕ್ಷಗಾನ ಹಾಡುವುದು ಸುಲಭ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನನ್ನ ಅನುಭವದಲ್ಲಿ ಅವರಿಗೆ ಕಷ್ಟವೇ ಹೆಚ್ಚು. ಕಚೇರಿಯಲ್ಲಿ ರಾಗವೇ ಯಜಮಾನ. ಒಂದು ಸ್ವರವನ್ನು ತೂಗಿ, ಗಮಕದಿಂದ ಬಳಸಿ, ಪಲ್ಲವಿಗೆ ಮರಳಿ ಮರಳಿ ಬರಲು ಹಾಡುಗಾರರಿಗೆ ಬಿಡುವಿದೆ. ಆಟದಲ್ಲಿ ಪದ್ಯ ಶುರುವಾದ ಕೂಡಲೇ ರಂಗಸ್ಥಳದಲ್ಲಿ ಒಬ್ಬ ವೇಷಧಾರಿಯ ಕಾಲು ಕಾಯುತ್ತಿರುತ್ತದೆ. ಪದ್ಯದ ಪ್ರತಿಯೊಂದು ಅಕ್ಷರ ಅವನಿಗೆ ಕೇಳಬೇಕು, ಏಕೆಂದರೆ ಪದ್ಯ ಮುಗಿದ ಮೇಲೆ ಅವನು ಅರ್ಥ ಹೇಳಬೇಕಾದದ್ದು ಆ ಮಾತುಗಳಿಗೇ. ಬಯಲಿನ ಕೊನೆಯಲ್ಲಿ ಕುಳಿತವರಿಗೂ ಅದು ಕೇಳಬೇಕು. ಸ್ವರ ನೇರವಾಗಿ ನಿಲ್ಲಬೇಕು, ತೆರೆದ ಗಂಟಲಲ್ಲಿ ಬರಬೇಕು, ಅಲುಗಾಟ ಕಡಮೆಯಿರಬೇಕು. ಕಚೇರಿಗೆ ಪಳಗಿದ ಗಂಟಲು ಅಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಬದಿಗಿಟ್ಟು ಬಂದರೆ ಮಾತ್ರ ಇದು ಸಾಧ್ಯ.

ಲೀಲಾವತಿಯವರು ಹಾಗೆ ಬದಿಗಿಟ್ಟರು. ಅವರ ಹಾಡುಗಾರಿಕೆಯಲ್ಲಿ ನಾನು ಮೊದಲು ಗುರುತಿಸುವ ಗುಣ ಅದು. ಶಾಸ್ತ್ರೀಯ ಸಂಗೀತದ ಬಲ ಅವರ ಶ್ರುತಿಶುದ್ಧಿಯಲ್ಲಿ ಉಳಿಯಿತು, ಉಸಿರಿನ ಹಿಡಿತದಲ್ಲಿ ಉಳಿಯಿತು. ಪದ್ಯದ ಮೈಮೇಲೆ ಅದು ಏರಿ ಕೂರಲಿಲ್ಲ. ರಾಗ ಬೆಳೆಸುವ ಶಕ್ತಿ ಇದ್ದೂ ಆಟದ ನಡೆಗೆ ಬೇಕಾದಷ್ಟನ್ನೇ ಕೊಟ್ಟು ನಿಲ್ಲಿಸುವುದು ದೊಡ್ಡ ಸಂಯಮ. ಪ್ರೇಕ್ಷಕರ ಚಪ್ಪಾಳೆ ಆಲಾಪನೆಗೆ ಬೀಳತೊಡಗಿದ ಕಾಲದಲ್ಲಿ ಈ ಸಂಯಮ ಇನ್ನೂ ಕಷ್ಟ.

ಇಲ್ಲಿ ಸ್ವಲ್ಪ ದೂರ ಹೋಗಿ ಬರುತ್ತೇನೆ. ಯುರೋಪಿನ ಸಂಗೀತದಲ್ಲಿ ಹೆಣ್ಣುಕಂಠದ ಅತಿ ಎತ್ತರದ ಸ್ಥಾಯಿಯಲ್ಲಿ ಹಾಡುವವರನ್ನು ಸೊಪ್ರಾನೊ ಎನ್ನುತ್ತಾರೆ. ಲೀಲಾವತಿಯವರಿಗಿಂತ ಎರಡು ವರ್ಷ ಕಿರಿಯರಾದ, 1949ರಲ್ಲಿ ಹುಟ್ಟಿದ ಎಮ್ಮಾ ಕರ್ಕ್‌ಬಿ ಎಂಬ ಇಂಗ್ಲಿಷ್ ಸೊಪ್ರಾನೊ ಹಳೆಯ ಸಂಗೀತಕ್ಕೇ ತಮ್ಮ ವೃತ್ತಿಯನ್ನು ಮುಡಿಪಿಟ್ಟವರು. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಗ್ರೀಕ್, ಲ್ಯಾಟಿನ್ ಓದಿ, ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ಹಾಡಿಗೆ ಬಂದರು. ಆ ಕಾಲದ ಒಪೆರಾ ಗಾಯಕಿಯರು ದೊಡ್ಡ ವಾದ್ಯವೃಂದದ ಮೇಲೆ ದನಿ ಕೇಳಿಸಲೆಂದು ಕಂಠವನ್ನು ತುಂಬ ಕಂಪಿಸಿ ಹಾಡುತ್ತಿದ್ದರು. ಹದಿನಾರು, ಹದಿನೇಳು, ಹದಿನೆಂಟನೆಯ ಶತಮಾನಗಳ ಹಾಡುಗಳಿಗೆ ಆ ಕಂಪನ ಒಗ್ಗುವುದಿಲ್ಲ ಎಂದು ಒಂದು ಗುಂಪು ವಾದಿಸಿತು. ಹಳೆಯ ವಾದ್ಯಗಳನ್ನು ಹುಡುಕಿ ತಂದರು, ಉಕ್ಕಿನ ತಂತಿಯ ಬದಲು ಪ್ರಾಣಿಯ ಕರುಳಿನ ತಂತಿ ಬಿಗಿದರು. ಇಂದಿನ ವಾದ್ಯವೃಂದಗಳ ಆಧಾರ ಸ್ವರ ಸೆಕೆಂಡಿಗೆ 440 ಕಂಪನದ್ದು. ಅವರು ಅದನ್ನು 415ಕ್ಕೆ, ಅಂದರೆ ಹೆಚ್ಚುಕಡಮೆ ಅರ್ಧ ಸ್ವರದಷ್ಟು, ಕೆಳಗಿಳಿಸಿದರು. ಆ ವಾದ್ಯಗಳ ನಡುವೆ ಕರ್ಕ್‌ಬಿಯವರ ನೇರವಾದ, ತಿಳಿಯಾದ ದನಿಗೆ ತಕ್ಕ ಮನೆ ಸಿಕ್ಕಿತು. 1973ರಲ್ಲಿ ಕ್ರಿಸ್ಟೋಫರ್ ಹಾಗ್‌ವುಡ್ ಕಟ್ಟಿದ ಅಕಾಡೆಮಿ ಆಫ್ ಏನ್ಷಿಯೆಂಟ್ ಮ್ಯೂಸಿಕ್ ಜೊತೆ ಅವರು ಹಾಡಿದ ಹ್ಯಾಂಡೆಲನ ‘ಮೆಸ್ಸೈಯ’ ಕೃತಿಯ 1980ರ ಧ್ವನಿಮುದ್ರಣ ಒಂದು ಪೀಳಿಗೆಯ ಕಿವಿಯನ್ನೇ ಬದಲಿಸಿತು. 2007ರಲ್ಲಿ ಅವರಿಗೆ ಡೇಮ್ ಪದವಿ ಬಂತು.

ಈ ಕಥೆಯಲ್ಲಿ ನಾವು ಗಮನಿಸಬೇಕಾದದ್ದು ಎರಡು. ಒಂದು, ಆ ಹಳೆಯ ಹಾಡುಗಳಲ್ಲಿ ಬಹಳಷ್ಟನ್ನು, ಮುಖ್ಯವಾಗಿ ಇಗರ್ಜಿಯಲ್ಲಿ ಹಾಡುವಂಥವನ್ನು, ಮೊದಲು ಹಾಡಿದ್ದು ಹೆಂಗಸರಲ್ಲ. ಇಗರ್ಜಿಯಲ್ಲಿ ಹೆಣ್ಣಿನ ದನಿಗೆ ಎಡೆಯಿಲ್ಲದಿದ್ದಾಗ ಎತ್ತರದ ಸ್ಥಾಯಿಯನ್ನು ಹುಡುಗರು ಹಾಡುತ್ತಿದ್ದರು. ಸಂಪ್ರದಾಯ ಹೆಣ್ಣಿಗೆ ಕೊಡದೇ ಇದ್ದ ಸಂಗೀತವನ್ನು ಇಪ್ಪತ್ತನೆಯ ಶತಮಾನದ ಹೆಣ್ಣುಮಕ್ಕಳು ಉಳಿಸಿಕೊಟ್ಟರು. ಇನ್ನೊಂದು, ಕಂಠವೊಂದೇ ಬದಲಾದರೆ ಸಾಲದು. ಜೊತೆಗಿನ ವಾದ್ಯ, ಶ್ರುತಿ, ಕೇಳುವವರ ಅಭ್ಯಾಸ ಎಲ್ಲವೂ ಆ ಕಂಠಕ್ಕೆ ಹೊಂದಿಕೊಳ್ಳಬೇಕು. ಅಲ್ಲಿ ವಾದ್ಯಗಳು ಕೆಳಗಿಳಿದವು. ನಮ್ಮಲ್ಲಿ ಮದ್ದಳೆ ಮೇಲೇರಬೇಕಾಯಿತು.

ಮದ್ದಳೆಯ ಬಲಮುಖವನ್ನು ಭಾಗವತರ ಷಡ್ಜಕ್ಕೆ ಶ್ರುತಿ ಮಾಡುತ್ತಾರೆ. ತೆಂಕಿನ ಭಾಗವತರು ಗಂಡಸರಾದರೂ ಕಚೇರಿಯ ಗಾಯಕರಿಗಿಂತ ಎತ್ತರದ ಶ್ರುತಿಯಲ್ಲಿ ಹಾಡುತ್ತ ಬಂದವರು. ಮೈಕ್ ಇಲ್ಲದ ಕಾಲದಲ್ಲಿ ಬಯಲು ದಾಟಿ ಹೋಗಬೇಕಾಗಿದ್ದ ದನಿ ಅದು. ಆದರೂ ಹೆಣ್ಣಿನ ಸಹಜ ಶ್ರುತಿ ಬೇರೆಯದು. ಒಂದು ರಾತ್ರಿಯ ಆಟದಲ್ಲಿ ಪೂರ್ವರಂಗಕ್ಕೆ ಸಂಗೀತಗಾರ, ಆಮೇಲೆ ಎರಡನೆಯ ಭಾಗವತ, ಮಧ್ಯರಾತ್ರಿ ಕಳೆದ ಮೇಲೆ ಮುಖ್ಯ ಭಾಗವತ ಎಂದು ಜಾಗಟೆ ಕೈ ಬದಲಾಗುತ್ತದೆ. ಆ ಸರದಿಯ ನಡುವೆ ಒಂದು ಹೆಣ್ಣುಕಂಠ ಬಂದಾಗ ಮದ್ದಳೆಯನ್ನೇ ಬದಲಿಸಬೇಕು, ಅಥವಾ ಕಂಠ ತನ್ನ ನೆಲೆಯನ್ನು ಬಿಟ್ಟು ಇಳಿಯಬೇಕು. ಇಳಿದರೆ ತಾರಸ್ಥಾಯಿ ಸಿಗುತ್ತದೆ, ಮಂದ್ರ ಕೇಳಿಸುವುದಿಲ್ಲ, ಕರುಣ ರಸದ ಪದ್ಯ ಸತ್ತೇ ಹೋಗುತ್ತದೆ. ಹೆಣ್ಣುಮಕ್ಕಳ ಭಾಗವತಿಕೆಗೆ ಕಣ್ಣಿಗೆ ಕಾಣದ ದೊಡ್ಡ ತೊಡಕು ಇದೇ. ಸಾಮಾಜಿಕ ತೊಡಕುಗಳನ್ನು ಎಲ್ಲರೂ ಹೇಳುತ್ತಾರೆ, ಇದನ್ನು ಹಿಮ್ಮೇಳದವರು ಮಾತ್ರ ಬಲ್ಲರು. ಲೀಲಾವತಿಯವರ ಪಕ್ಕದಲ್ಲಿ ಮದ್ದಳೆಗೆ ಕುಳಿತವರು ಆ ಕಂಠವನ್ನು ಮನೆಯಲ್ಲೇ ತಿದ್ದಿದವರಾಗಿದ್ದರು ಎಂಬುದನ್ನು ದಾಂಪತ್ಯದ ಚೆಂದದ ಕಥೆಯೆಂದಷ್ಟೇ ಹೇಳಿ ಮುಗಿಸಬಾರದು. ಹರಿನಾರಾಯಣ ಬೈಪಾಡಿತ್ತಾಯರಿಗೆ ಆ ಕಂಠದ ಏರು ಎಲ್ಲಿ, ಉಸಿರು ಎಲ್ಲಿ, ಮುಕ್ತಾಯಕ್ಕೆ ಎಷ್ಟು ಎಡೆ ಬೇಕು ಎಂಬುದು ಗೊತ್ತಿತ್ತು. ಆ ತಿಳಿವಳಿಕೆಯ ಮೇಲೆ ಒಂದು ವೃತ್ತಿ ನಿಂತಿತು.

ವೃತ್ತಿ ಎಂಬ ಮಾತಿಗೆ ಇಲ್ಲಿ ಪೂರ್ತಿ ಅರ್ಥವಿದೆ. ಊರಿನ ಸಂಘದಲ್ಲಿ, ನವರಾತ್ರಿಯ ತಾಳಮದ್ದಳೆಯಲ್ಲಿ ಹೆಂಗಸರು ನಾಲ್ಕು ಪದ್ಯ ಹೇಳುವುದನ್ನು ಜನ ಪ್ರೀತಿಯಿಂದ ಕೇಳಿಯಾರು. ಮೇಳದ ತಿರುಗಾಟ ಬೇರೆ. ದೀಪಾವಳಿ ಕಳೆದು ಹೊರಟರೆ ತಿರುಗಾಟ ಮುಗಿಯುವ ಪತ್ತನಾಜೆಯ ದಿನದವರೆಗೆ ದಿನವೂ ಬೇರೆ ಊರು, ದಿನವೂ ರಾತ್ರಿ ನಿದ್ದೆಗೆಟ್ಟು ಹಾಡು, ಬೆಳಗಾದರೆ ಮತ್ತೊಂದು ಕ್ಯಾಂಪು. ಸುಬ್ರಹ್ಮಣ್ಯ, ಪುತ್ತೂರು, ಕುಂಬಳೆ, ಅರುವ ಹೀಗೆ ಹಲವು ಮೇಳಗಳಲ್ಲಿ ಲೀಲಾವತಿಯವರು ಹಾಡಿದರು. ಟಿಕೆಟ್ ಇಟ್ಟು ಡೇರೆಯೊಳಗೆ ಆಡುವ ಮೇಳಗಳ ಕಾಲ ಅದು, ತುಳು ಪ್ರಸಂಗಗಳು ಜನ ತುಂಬಿಸುತ್ತಿದ್ದ ಕಾಲ. ಕನ್ನಡದ ಪೌರಾಣಿಕ ಪ್ರಸಂಗ ಒಂದು ರಾತ್ರಿ, ತುಳು ಪ್ರಸಂಗ ಮರುರಾತ್ರಿ. ಎರಡಕ್ಕೂ ನಡೆ ಬೇರೆ, ಪದ್ಯದ ಬಿಗಿ ಬೇರೆ.

ಭಾಗವತರನ್ನು ಒಂದನೇ ವೇಷ ಎಂದು ಮೇಳದಲ್ಲಿ ಹೇಳುತ್ತಾರೆ. ಗೆಜ್ಜೆ ಕಟ್ಟದ, ಬಣ್ಣ ಹಚ್ಚದ ಆ ವೇಷಕ್ಕೆ ಉಳಿದ ವೇಷಗಳೆಲ್ಲ ಅಧೀನ. ಯಾವ ಪದ್ಯ ಎತ್ತಬೇಕು, ಯಾವುದನ್ನು ಬಿಡಬೇಕು, ಪುಂಡುವೇಷಕ್ಕೆ ಎಷ್ಟು ಕುಣಿತ, ಬಣ್ಣದ ವೇಷದ ಪ್ರವೇಶಕ್ಕೆ ಯಾವ ಹೊತ್ತು, ಅರ್ಥ ಉದ್ದವಾದಾಗ ಜಾಗಟೆ ಬಾರಿಸಿ ಹೇಗೆ ತಡೆಯಬೇಕು, ಎಲ್ಲವೂ ಅವರ ಕೈಯಲ್ಲಿ. ಹೆಸರಾಂತ ಗಂಡು ಕಲಾವಿದರು ಒಬ್ಬ ಹೆಂಗಸು ಎತ್ತಿದ ಪದ್ಯಕ್ಕೆ ಕುಣಿಯಬೇಕು, ಅವರು ನಿಲ್ಲಿಸಿದಲ್ಲಿ ನಿಲ್ಲಬೇಕು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಈ ಅಧಿಕಾರವನ್ನು ಒಪ್ಪಿಸಿಕೊಳ್ಳಲು ಭಾಷಣದಿಂದ ಸಾಧ್ಯವಿರಲಿಲ್ಲ. ತಾಳ ತಪ್ಪದೆ, ಪ್ರಸಂಗ ಮರೆಯದೆ, ಬೆಳಗಿನ ಏರುಪದಕ್ಕೂ ದನಿ ಸೋಲದೆ ದಿನದಿನವೂ ಒಪ್ಪಿಸಬೇಕಿತ್ತು. ವೀರ, ರೌದ್ರಕ್ಕೆ ಹೆಣ್ಣಿನ ದನಿ ಸಾಲದು ಎಂದವರಿದ್ದರು. ಯುದ್ಧದ ಪದಗಳಿಗೆ ಬೇಕಾದದ್ದು ದಪ್ಪ ದನಿ ಎಂಬುದೇ ತಪ್ಪು ಎಣಿಕೆ. ಬೇಕಾದದ್ದು ಅಕ್ಷರದ ಪೆಟ್ಟು, ತಾಳದ ಮೇಲೆ ಬಿಗಿಯಾಗಿ ಬೀಳುವ ಮಾತು. ಆ ಪೆಟ್ಟು ಅವರಲ್ಲಿತ್ತು.

ತಮ್ಮ ಬದುಕನ್ನು ಅವರು ವಿದ್ಯಾರಶ್ಮಿ ಪೆಲತ್ತಡ್ಕ ಅವರ ನಿರೂಪಣೆಯಲ್ಲಿ ‘ಯಕ್ಷಗಾನ ಲೀಲಾವಳಿ’ ಎಂಬ ಆತ್ಮಕಥೆಯಾಗಿ ಬಿಟ್ಟುಹೋಗಿದ್ದಾರೆ. ಯಕ್ಷಗಾನದ ಹೆಣ್ಣುಮಗಳೊಬ್ಬಳ ಬದುಕು ಪುಸ್ತಕವಾಗುವುದು ನಮ್ಮಲ್ಲಿ ಸಾಮಾನ್ಯದ ಸಂಗತಿಯಲ್ಲ. ಇಲ್ಲಿರುವ ತಾಯಂದಿರು, ವಿದ್ಯಾರ್ಥಿನಿಯರು ಅದನ್ನು ಓದಬೇಕು.

ಈಗ ಹಳೆಯ ಸಂಗೀತದ ಮಾತಿಗೆ ಬರುತ್ತೇನೆ. ಪುತ್ತೂರಿನಲ್ಲಿ ನಿಂತು ಯಕ್ಷಗಾನದ ಹಳೆಯ ಸಂಗೀತದ ಬಗ್ಗೆ ಮಾತಾಡುವವರು ಶಿವರಾಮ ಕಾರಂತರನ್ನು ದಾಟಿ ಹೋಗಲಾಗದು. ಇಲ್ಲಿನ ಬಾಲವನದಲ್ಲಿ ಕುಳಿತು ಬರೆದ ಆ ಮನುಷ್ಯನ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿಗಳನ್ನು ಬರೆದವರಿಗೆ ಆ ಪ್ರಶಸ್ತಿ ತಂದದ್ದು ಯಕ್ಷಗಾನದ ಪುಸ್ತಕ ಎಂಬುದು ನಮ್ಮ ತಾಲೂಕಿನವರು ನೆನಪಿಡಬೇಕಾದ ಸಂಗತಿ. ಪ್ರಸಂಗದ ಪ್ರತಿಗಳಲ್ಲಿ ಪದ್ಯದ ತಲೆಯ ಮೇಲೆ ರಾಗ, ತಾಳ ಬರೆದಿರುತ್ತಾರೆ. ಆ ಹೆಸರುಗಳಲ್ಲಿ ಎಷ್ಟೋ ರಾಗಗಳನ್ನು ಹಾಡಿ ತೋರಿಸುವವರೇ ಇಲ್ಲದ ಸ್ಥಿತಿಯನ್ನು ಕಾರಂತರು ಕಂಡರು, ಹಳೆಯ ಭಾಗವತರನ್ನು ಹುಡುಕಿ ಕೂರಿಸಿ ಹಾಡಿಸಿದರು. ಅವರ ಕೆಲಸ ಹೆಚ್ಚಾಗಿ ಬಡಗುತಿಟ್ಟಿನ ಮೇಲೆ ನಡೆಯಿತು. ಅವರ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನ್ ಸೇರಿದ್ದರ ಬಗ್ಗೆ, ಮಾತನ್ನೇ ತೆಗೆದುಹಾಕಿದ್ದರ ಬಗ್ಗೆ ನನಗೆ ತಕರಾರಿದೆ. ಆದರೆ ಯಕ್ಷಗಾನಕ್ಕೆ ತನ್ನದೇ ಸಂಗೀತವಿದೆ, ಅದು ಕರ್ನಾಟಕ ಸಂಗೀತದ ಅಪಭ್ರಂಶವಲ್ಲ ಎಂಬ ಅವರ ಹಟಕ್ಕೆ ನಾವೆಲ್ಲ ಋಣಿಗಳು.

ತೆಂಕಿನಲ್ಲಿ ಆ ಹಟವನ್ನು ಬರಹದಲ್ಲಿ ಅಲ್ಲ, ಹಾಡಿನಲ್ಲೇ ಹಿಡಿದವರು ಬಲಿಪರು. 2023ರ ಫೆಬ್ರವರಿಯಲ್ಲಿ ಬಲಿಪ ನಾರಾಯಣ ಭಾಗವತರು ಹೋದಾಗ ಅಜ್ಜನಿಂದ ಮೊಮ್ಮಗನಿಗೆ ಬಂದಿದ್ದ ಒಂದು ಶೈಲಿಯ ದೊಡ್ಡ ಕೊಂಡಿ ಕಳಚಿತು. ಮರುವರ್ಷ ಲೀಲಾವತಿಯವರು. ಇಬ್ಬರ ಶೈಲಿ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಪದ್ಯ ಆಟಕ್ಕಾಗಿ, ಭಾಗವತರ ಮೆರೆದಾಟಕ್ಕಲ್ಲ ಎಂಬ ನಿಷ್ಠೆ ಇಬ್ಬರಲ್ಲೂ ಇತ್ತು.

ಆ ನಿಷ್ಠೆಗೆ ಈಗ ಎರಡು ಕಡೆಯಿಂದ ಒತ್ತಡ. ಮೊದಲನೆಯದು ಕಾಲಮಿತಿ. ಧರ್ಮಸ್ಥಳದಂಥ ಮೇಳವೂ ಇಡೀ ರಾತ್ರಿಯ ಆಟವನ್ನು ಬಿಟ್ಟಿತು. ಜನರ ಬದುಕು ಬದಲಾಗಿದೆ, ಮರುದಿನ ಕೆಲಸಕ್ಕೆ ಹೋಗಬೇಕು, ನಾನು ಅದನ್ನು ದೂರುವುದಿಲ್ಲ. ಆದರೆ ಆಟ ಅರ್ಧವಾದಾಗ ಕತ್ತರಿ ಬೀಳುವುದು ಯಾವುದಕ್ಕೆ ಎಂದು ನೋಡಿ. ಕುಣಿತ ಉಳಿಯುತ್ತದೆ, ಹಾಸ್ಯ ಉಳಿಯುತ್ತದೆ. ನಿಧಾನ ನಡೆಯ ಪದ್ಯಗಳು ಹೋಗುತ್ತವೆ. ಝಂಪೆ, ತ್ರಿವುಡೆಯಲ್ಲಿ ಸಾವಕಾಶವಾಗಿ ಸಾಗುವ, ಹಳೆಯ ಮಟ್ಟು ಇನ್ನೂ ಉಸಿರಾಡುವ ಪದ್ಯಗಳೇ ಮೊದಲು ಹೋಗುತ್ತವೆ. ಎರಡನೆಯದು ರುಚಿ. ಶಿವರಂಜನಿಯಂಥ ಒಂದೆರಡು ರಾಗಗಳು ಕರುಣ ರಸದ ಪದ್ಯಗಳನ್ನೆಲ್ಲ ನುಂಗುತ್ತಿವೆ. ಹಾಡು ಇಂಪಾಗಿಯೇ ಇರುತ್ತದೆ. ಆದರೆ ದಮಯಂತಿಯೂ ಚಂದ್ರಮತಿಯೂ ಒಂದೇ ದನಿಯಲ್ಲಿ ಅತ್ತರೆ ಪ್ರಸಂಗಕರ್ತ ಬೇರೆ ಬೇರೆ ಮಟ್ಟು ಬರೆದಿಟ್ಟದ್ದಕ್ಕೆ ಏನು ಅರ್ಥ?

ಇನ್ನೊಂದು ಕಡೆ ಸಂತೋಷದ ಸುದ್ದಿಯೂ ಇದೆ, ಅದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳದ್ದೇ. ಲೀಲಾವತಿಯವರು ಒಬ್ಬಂಟಿಯಾಗಿ ಕುಳಿತಿದ್ದ ರಥದಲ್ಲಿ, ಅಂದರೆ ಭಾಗವತರ ಪೀಠದಲ್ಲಿ, ಇಂದು ಕೂರುವ ಹೆಣ್ಣುಮಕ್ಕಳ ಹೆಸರಿನ ಜೊತೆ ಬರುವ ಊರುಗಳನ್ನು ಕೇಳಿ. ಕಾವ್ಯಶ್ರೀ ಅಜೇರು. ಅಮೃತಾ ಅಡಿಗ ಪಾಣಾಜೆ. ಭವ್ಯಶ್ರೀ ಕುಲ್ಕುಂದ. ಅಜೇರು, ಪಾಣಾಜೆ ಪುತ್ತೂರಿನ ಗಡಿಭಾಗ, ಕುಲ್ಕುಂದ ಸುಬ್ರಹ್ಮಣ್ಯದ ಮಗ್ಗುಲು. ಕುಮಾರಧಾರೆಯ ಈ ಸೀಮೆಯಲ್ಲಿ ಇಷ್ಟು ಮಂದಿ ಬೆಳೆದದ್ದು ಆಕಸ್ಮಿಕವಲ್ಲ. ಸುಳ್ಯದ ಚೊಕ್ಕಾಡಿಯಲ್ಲಿ ದೇರಾಜೆ ಸೀತಾರಾಮಯ್ಯನವರಂಥ ಅರ್ಥಧಾರಿ ಬಾಳಿದ ನೆಲವಿದು. ಮನೆಯ ಚಾವಡಿಯಲ್ಲಿ ತಾಳಮದ್ದಳೆ ನಡೆಯುವಾಗ ಒಳಗಿನ ಬಾಗಿಲಲ್ಲಿ ನಿಂತು ಕೇಳಿದ ಹೆಣ್ಣುಮಕ್ಕಳ ಕಿವಿ ಎರಡು ಮೂರು ತಲೆಮಾರು ಹದಗೊಂಡಿತ್ತು. ದಾರಿ ತೆರೆದಾಗ ಮೊಮ್ಮಕ್ಕಳು ಹಾಡಿದರು.

ದಾರಿ ಪೂರ್ತಿ ತೆರೆದಿದೆಯೇ? ಇಲ್ಲ. ಹರಕೆ ಆಟದ ದೊಡ್ಡ ಮೇಳಗಳ ನಿತ್ಯದ ಪಟ್ಟಿಯಲ್ಲಿ ಮಹಿಳಾ ಭಾಗವತರ ಹೆಸರು ಇಂದಿಗೂ ಅಪರೂಪ. ಅವರಿಗೆ ಸಿಗುವುದು ಅತಿಥಿಯ ಸ್ಥಾನ, ಗಾನವೈಭವದ ವೇದಿಕೆ, ಒಂದೆರಡು ಗಂಟೆಯ ಕಾರ್ಯಕ್ರಮ. ಗಾನವೈಭವದಲ್ಲಿ ವೇಷವಿಲ್ಲ, ಕಾಯುವ ಕಾಲಿಲ್ಲ. ಅಲ್ಲಿ ಹಾಡು ಕಚೇರಿಯ ಕಡೆಗೆ ವಾಲಿಯೇ ವಾಲುತ್ತದೆ. ಇದನ್ನು ಹಾಡುವವರ ತಪ್ಪೆನ್ನುವುದು ಅನ್ಯಾಯ. ಇಡೀ ಪ್ರಸಂಗವನ್ನು ನಡೆಸುವ ಹೊಣೆ ಕೊಡದೆ, ಹಳೆಯ ಮಟ್ಟು ಹಾಡಿ ಎಂದು ಕೇಳುವ ಹಕ್ಕು ನಮಗೆಲ್ಲಿಯದು? ಲೀಲಾವತಿಯವರು ಆ ಸಂಯಮವನ್ನು ಕಲಿತದ್ದು ಮೇಳದಲ್ಲಿ, ವರ್ಷಗಟ್ಟಲೆ ಕುಣಿಯುವ ಕಾಲುಗಳನ್ನು ನೋಡುತ್ತ ಹಾಡಿದ್ದರಿಂದ.

ಎಮ್ಮಾ ಕರ್ಕ್‌ಬಿಯವರ ಧ್ವನಿಮುದ್ರಣಗಳು ನೂರಕ್ಕೂ ಮೀರಿವೆ. ಹಳೆಯ ಹಾಡನ್ನು ಹೇಗೆ ಹಾಡಬೇಕು ಎಂದು ಇಂದಿನ ವಿದ್ಯಾರ್ಥಿನಿ ಅವನ್ನು ಕೇಳಿ ಕಲಿಯಬಹುದು. ಲೀಲಾವತಿಯವರು ಮೇಳದಲ್ಲಿ ಹಾಡಿದ ರಾತ್ರಿಗಳಲ್ಲಿ ಬಹುಪಾಲು ಧ್ವನಿಮುದ್ರಣವಾಗದೆ ಹೋದವು. ಉಳಿದದ್ದು ಯಾರ ಯಾರದೋ ಮನೆಯ ಕ್ಯಾಸೆಟ್ಟಿನಲ್ಲಿ, ಮದುವೆ ವಿಡಿಯೋಗಳ ನಡುವೆ, ಫಂಗಸ್ ಹಿಡಿಯುತ್ತಿರಬಹುದು. ನಮ್ಮ ಮಳೆಗಾಲ ಟೇಪಿಗೆ ಒಳ್ಳೆಯದಲ್ಲ.

ಆದ್ದರಿಂದ ಈ ಸಭೆಯ ಮುಂದೆ ನನ್ನ ಕೋರಿಕೆಗಳನ್ನು ಇಡುತ್ತೇನೆ. ಪುತ್ತೂರು, ಸುಳ್ಯ, ಕಡಬದಲ್ಲಿ ಯಾರ ಅಟ್ಟದಲ್ಲಿ ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕದ ಆಟಗಳ ಕ್ಯಾಸೆಟ್ಟುಗಳಿವೆಯೋ ಅವರು ಈ ಮಳೆಗಾಲಕ್ಕೆ ಮೊದಲು ಕೆಳಗಿಳಿಸಿ, ಯಾವ ಊರಿನ ಆಟ, ಯಾವ ಪ್ರಸಂಗ, ಹಾಡಿದವರು ಯಾರು ಎಂದು ಬರೆದು, ನಮ್ಮ ಕಾಲೇಜುಗಳಲ್ಲಿ ಡಿಜಿಟಲ್ ಪ್ರತಿ ಮಾಡಿಸಿ ಇಡಿ. ಈ ಉಪನ್ಯಾಸವನ್ನು ನಡೆಸುವ ದತ್ತಿಯ ಹಣದಲ್ಲಿ ಒಂದು ಪಾಲನ್ನು ಇನ್ನು ಉಪನ್ಯಾಸಕ್ಕೆ ಕೊಡುವ ಬದಲು ಈ ಕೆಲಸಕ್ಕೆ ಕೊಟ್ಟರೂ ನನ್ನ ಒಪ್ಪಿಗೆಯಿದೆ. ಮತ್ತೆ, ಹರಕೆಯ ಆಟ ಹೇಳುವ ಮನೆಯವರು, ಊರಿನ ಜಾತ್ರೆಗೆ ಆಟ ಏರ್ಪಡಿಸುವ ಸಮಿತಿಯವರು ಮೇಳದ ಯಜಮಾನರಲ್ಲಿ ಒಂದು ಮಾತು ಕೇಳಿ: ನಮ್ಮೂರಿನ ಹೆಣ್ಣುಮಗಳೊಬ್ಬಳು ಮುಖ್ಯ ಭಾಗವತಳಾಗಿ ಇಡೀ ಪ್ರಸಂಗವನ್ನು ಆಡಿಸಲಿ, ಪದ್ಯಗಳು ಪ್ರತಿಯಲ್ಲಿ ಬರೆದ ರಾಗತಾಳದಲ್ಲೇ ಬರಲಿ. ಅವರಿಗೆ ಕೊಡುವ ಸಂಭಾವನೆ ಗಂಡು ಭಾಗವತರಿಗೆ ಕೊಡುವಷ್ಟೇ ಇರಲಿ.